ಪ್ಯಾನೆಲಿಂಗ್‌ಟೂಲ್ಸ್: ಎಸಿಪಿ ಕೆಲಸದವರಿಗೆ ಎಷ್ಟು ಉಪಯೋಗ?

ಕಂಪ್ಯೂಟರಿನಲ್ಲಿ 3ಡಿ ವಿನ್ಯಾಸ ಬಿಡಿಸುವ ರೈನೋ ಸಾಫ್ಟ್‌ವೇರಿಗೆ ಪುಕ್ಕಟೆ ಸಿಗುವ ಈ ಪ್ಲಗಿನ್ ಅನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಮ್ಮದು ಕಲಬುರಗಿಯ ಸಣ್ಣ ಡಿಸೈನ್ ಆಫೀಸು. ಶೋರೂಮಿನ ಮುಂಭಾಗ, ಫಂಕ್ಷನ್ ಹಾಲಿನ ಕ್ಯಾನೊಪಿ, ಇಂಥವೇ ಹೆಚ್ಚು. ಗಿರಾಕಿಗಳು ಮೊಬೈಲಿನಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿರುವ, ಅಲೆಯಂತೆ ಬಳುಕಿದ ಹೈದರ್ ಅಲಿಯೇವ್ ಸೆಂಟರ್ ಕಟ್ಟಡ ತೋರಿಸಿ "ಹಿಂಗೇ ಬೇಕ್ರಿ" ಅಂತಾರೆ. ನಮ್ಮ ಕೈಯಲ್ಲಿರುವುದು ಎಂಟು ಬೈ ನಾಲ್ಕು ಅಡಿಯ ಚಪ್ಪಟೆ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟು.

ಪ್ಲಗಿನ್ ಮೊದಲು ಮೇಲ್ಮೈಯ ಮೇಲೆ ಬಿಂದುಗಳ ಗ್ರಿಡ್ ಹಾಕುತ್ತದೆ, ಆಮೇಲೆ ಅವುಗಳಿಗೆ ಪ್ಯಾನೆಲ್ ಕೂರಿಸುತ್ತದೆ. ಹೀಗೆ ಎರಡು ಹಂತ ಇರುವುದೇ ನನಗೆ ಹಿಡಿಸಿದ್ದು. ಬಾಗಿಲ ಮೇಲಿನ ಸಾಲು ಸರಿಬರದಿದ್ದರೆ ಅಲ್ಲಿನ ಬಿಂದುಗಳನ್ನಷ್ಟೇ ಸರಿಸಿದರಾಯಿತು.

ತಲೆನೋವು ಇರುವುದು ನಾಲ್ಕು ಮೂಲೆಯ ಪ್ಯಾನೆಲ್‌ನಲ್ಲಿ. ಎರಡೂ ದಿಕ್ಕಿಗೆ ಬಾಗಿದ ಮೇಲ್ಮೈಯಲ್ಲಿ ಮೂರು ಮೂಲೆ ಕೂತರೆ ನಾಲ್ಕನೆಯದು ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ಚಪ್ಪಟೆ ಮಾಡುವ ಆಯ್ಕೆ ಇದೆ. ಮಾಡಿದರೆ ಪಕ್ಕದ ಪ್ಯಾನೆಲ್ಲಿನ ಅಂಚು ಕೂಡುವುದಿಲ್ಲ. ತ್ರಿಕೋನ ಯಾವತ್ತೂ ಚಪ್ಪಟೆಯೇ, ಬ್ರಿಟಿಷ್ ಮ್ಯೂಸಿಯಂ ಅಂಗಳದ ಮೇಲಿನ 3,312 ಗಾಜುಗಳೂ ತ್ರಿಕೋನವೇ. ಆದರೆ ಚೌಕಟ್ಟಿನ ಒಂದೊಂದು ಗಂಟಿಗೂ ಸಾಮಾನ್ಯವಾಗಿ ನಾಲ್ಕರ ಬದಲು ಆರು ಪೈಪು ಬಂದು ಸೇರುತ್ತವೆ, ಶೀಟೂ ಜಾಸ್ತಿ ವೇಸ್ಟ್. ಅದನ್ನು ಕೇಳಿದರೆ ನಮ್ಮ ವೆಲ್ಡರ್ ರೇಟು ಹೇಳುವ ಮೊದಲೇ ನಗುತ್ತಾನೆ.

ಹಾಗಾಗಿ ಈಗ ಪ್ಯಾನೆಲ್ ತಿದ್ದುವ ಗೋಜಿಗೆ ಹೋಗದೆ ಮೇಲ್ಮೈಯನ್ನೇ ಬೇರೆ ರೀತಿ ಬಿಡಿಸುತ್ತೇನೆ. ಒಂದು ಬಾಗುಗೆರೆಯನ್ನು ತಿರುಗಿಸದೆ ಇನ್ನೊಂದು ಗೆರೆಯ ಗುಂಟ ಸರಿಸಿಕೊಂಡು ಹೋದರೆ, ಹುಟ್ಟುವ ಮೇಲ್ಮೈ ಎರಡು ಕಡೆ ಬಾಗಿದ್ದರೂ ಆ ಗೆರೆಗಳ ನಡುವಿನ ನಾಲ್ಕು ಮೂಲೆಯ ತುಂಡುಗಳೆಲ್ಲ ಚಪ್ಪಟೆಯಾಗಿಯೇ ಬರುತ್ತವೆ. ಗಿರಾಕಿಗೆ ಬಾಕುವಿನ ಕಟ್ಟಡದ ಬಳುಕು ಪೂರ್ತಿ ಸಿಗುವುದಿಲ್ಲ, ಆದರೆ ಬಿಲ್ಲು ನೋಡಿದ ಮೇಲೆ ಯಾರೂ ತಕರಾರು ಎತ್ತಿಲ್ಲ.

ನಮ್ಮ ಕೋಟೆಯ ಜಾಮಾ ಮಸೀದಿಯ (1367) ನಡುಭಾಗದಲ್ಲಿ ಒಂದೇ ಬಗೆಯ ಗುಮ್ಮಟಗಳು ಸಾಲುಸಾಲಾಗಿವೆ, ಅಲ್ಲಿ ಅದಲುಬದಲಿನ ಭಯವಿಲ್ಲ. ಇಲ್ಲಿ ಪ್ಯಾನೆಲ್ಲುಗಳ ಅಳತೆ ಒಂದಕ್ಕೊಂದು ಬೇರೆ. ನಂಬರ್ ಹಾಕದೆ ಶೀಟು ಕತ್ತರಿಸುವ ರೌಟರ್ ಯಂತ್ರಕ್ಕೆ ಕಳಿಸಿದರೆ ಮುಗಿಯಿತು ಕಥೆ. ಬಿಡಿಸಿ ಹರವಿ ನಂಬರ್ ಹಾಕುವ ಕಮ್ಯಾಂಡ್ ಇದರಲ್ಲಿದೆ, ಶೀಟಿನಲ್ಲಿ ವೇಸ್ಟ್ ಆಗದಂತೆ ಜೋಡಿಸುವ ಕೆಲಸಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಜಾಯಿಂಟಿನ ಸಂದಿಯನ್ನೂ ನೀವೇ ಲೆಕ್ಕ ಹಾಕಬೇಕು: 50 ಡಿಗ್ರಿ ಏರಿಳಿತಕ್ಕೆ ಎಸಿಪಿ ಮೀಟರಿಗೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಇದು ಸಣ್ಣ ಮಾತಲ್ಲ.

ರೈನೋಗೆ ಒಮ್ಮೆ ದುಡ್ಡು ಕೊಟ್ಟರೆ ಸಾಕು, ವರ್ಷವರ್ಷ ಕಟ್ಟುವಂತಿಲ್ಲ. 90 ದಿನ ಪುಕ್ಕಟೆ ನೋಡಬಹುದು. ನೇರ ಗೋಡೆಗೆ ಎಸಿಪಿ ಹೊಡೆಯುವವರಿಗೆ ಆಟೋಕ್ಯಾಡ್ ಸಾಕು. ಬಾಗಿದ್ದು ಮಾಡುವವರಾದರೆ ಐದಕ್ಕೆ ನಾಲ್ಕು ಸ್ಟಾರ್.