ಮೂರೂವರೆ ವರ್ಷ, ಐದು ಬೈಬಲ್ ಪುಸ್ತಕ, ಒಂದು ಕಿತ್ತುಹೋದ ಪೊದೆ

ಮಕ್ಕಳಿಗೆ ಅಂತ ತಂದ ಐದು ಬೈಬಲ್ ಕಥೆ ಪುಸ್ತಕಗಳಲ್ಲಿ ಒಂದು ಪೂರ್ತಿ ದಂಡ. ಒಂದನ್ನು ತೀರಾ ಬೇಗ ತಂದುಬಿಟ್ಟೆ. ಇನ್ನೊಂದನ್ನು, ನಾವು ಕುರಿ ಪುಸ್ತಕ ಅನ್ನುತ್ತೇವೆ, ಎಷ್ಟು ಸಲ ಓದಿದ್ದೇವೋ ಲೆಕ್ಕವೇ ಇಲ್ಲ. ದೊಡ್ಡವಳಿಗೆ ಈಗ ಮೂರೂವರೆ ವರ್ಷ, ಚಿಕ್ಕವನಿಗೆ 11 ತಿಂಗಳು. ಇಬ್ಬರ ಕೈಗೂ ಬಾಯಿಗೂ ಸಿಕ್ಕಿದ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರು ಹಾಕುತ್ತಿಲ್ಲ. ಇಂಥವು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಯಾವ ಬಗೆಯದು ಅಂತ ನೋಡಿಕೊಂಡರೆ ಸಾಕು.

ಮೊದಲು ಬಂದದ್ದು ಬಟ್ಟೆ ಪುಸ್ತಕ. ಸೃಷ್ಟಿಯ ಕಥೆ, ಆರೇ ಪುಟ, ಎಲ್ಲ ಕಪ್ಪು ಬಿಳುಪು. ಆಗ ತಾನೇ ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ಒಂದಿಷ್ಟು ಕಾಣುತ್ತದೆ, ಅದರಲ್ಲೂ ಕಡು ಕಪ್ಪು ಬಿಳುಪು ಬೇಗ ಕಣ್ಣಿಗೆ ಬೀಳುತ್ತದೆ. ಸೂರ್ಯನ ಪುಟ ಹಿಡಿದರೆ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಕಥೆ ಕೇಳಿಸಿಕೊಂಡಿದ್ದು ಮಾತ್ರ ನಾನೊಬ್ಬಳೇ. ಅದೂ ಬೇಕಿತ್ತು ಅನ್ನಿ. ರಾತ್ರಿಯೆಲ್ಲ ನಿದ್ದೆಯಿಲ್ಲದ ಆ ದಿನಗಳಲ್ಲಿ “ಬೆಳಕಾಗಲಿ” ಅಂತ ಗಟ್ಟಿಯಾಗಿ ಓದುವ ಸುಖವೇ ಬೇರೆ. ಎಷ್ಟು ಒಗೆದರೂ ಪುಸ್ತಕ ಹಾಳಾಗಲಿಲ್ಲ. ಆರು ತಿಂಗಳಾದ ಮೇಲೆ ಅದು ಬರೀ ಜಗಿಯುವ ಬಟ್ಟೆ ಆಯಿತು.

“ಇಷ್ಟು ಚಿಕ್ಕ ಮಗುವಿಗೆ ಏನು ತಿಳಿಯುತ್ತೆ?” ಅಂತ ಕೇಳಿದವರೇ ಜಾಸ್ತಿ. ಓದು ಬಾರದವರಿಗೆ ಚಿತ್ರವೇ ಓದು ಅನ್ನುವ ಮಾತು ಹೊಸದೇನಲ್ಲ. ಸುಮಾರು 600ನೇ ಇಸವಿಯಲ್ಲಿ, ಚರ್ಚಿನೊಳಗಿನ ಚಿತ್ರಗಳನ್ನು ಒಡೆಸಿಹಾಕಿದ್ದ ಮಾರ್ಸೇಲ್ಸ್‌ನ ಬಿಷಪ್ಪರಿಗೆ ಪೋಪ್ ಗ್ರೆಗೊರಿ ಬರೆದ ಪತ್ರದಲ್ಲಿ ಇದೇ ಮಾತಿದೆ. ಅವರು ಹೇಳಿದ್ದು ಅಕ್ಷರ ಬಾರದ ದೊಡ್ಡವರ ಬಗ್ಗೆ. ಹಲ್ಲೇ ಬಾರದವರು ಚಿತ್ರವನ್ನು ಏನು ಮಾಡುತ್ತಾರೆ ಅಂತ ಅವರು ಯೋಚಿಸಿರಲಿಕ್ಕಿಲ್ಲ.

ಕುರಿ ಪುಸ್ತಕ ಬಂದಾಗ ಅವಳಿಗೆ ಎಂಟು ತಿಂಗಳು. ಅಂಗೈಗಿಂತ ಸ್ವಲ್ಪ ದೊಡ್ಡದು, ದಪ್ಪ ರಟ್ಟಿನ ಪುಟ, ಮೂಲೆಗಳೆಲ್ಲ ದುಂಡಗೆ. ಬೈಬಲ್‌ನ ಲೂಕ 15ನೇ ಅಧ್ಯಾಯದ ಕಥೆ: ನೂರು ಕುರಿಗಳಲ್ಲಿ ಒಂದು ಕಳೆದುಹೋಗುತ್ತದೆ, ಕುರುಬ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿ, ಹೆಗಲ ಮೇಲೆ ಹೊತ್ತು ತರುತ್ತಾನೆ. ಪುಟಕ್ಕೊಂದು ಎತ್ತಿ ನೋಡುವ ಮುಚ್ಚಳ. ಬಂಡೆ ಎತ್ತಿದರೆ ಹಲ್ಲಿ, ಮರ ಎತ್ತಿದರೆ ಗೂಬೆ, ಕೊನೆಗೆ ಪೊದೆ ಎತ್ತಿದರೆ ಕುರಿ. ಮರೆಯಾದ ವಸ್ತು ಇಲ್ಲೇ ಎಲ್ಲೋ ಇದೆ ಅನ್ನುವುದು ಮಕ್ಕಳಿಗೆ ಹೊಳೆಯತೊಡಗುವುದೂ ಸುಮಾರು ಆ ವಯಸ್ಸಿನಲ್ಲೇ. ಅವಳಿಗೆ ಇದು ಬೈಬಲ್ ಅಲ್ಲ, ಕಣ್ಣಾಮುಚ್ಚಾಲೆ. “ಕುರಿ ಎಲ್ಲಿ?” ಅಂತ ಕೇಳಿದರೆ ಮುಚ್ಚಳದ ಅಂಚಿಗೆ ಬೆರಳಿಟ್ಟು, ಒಂದು ಕ್ಷಣ ಉಸಿರು ಬಿಗಿಹಿಡಿದು, ಪಟ್ಟಂತ ಎತ್ತುತ್ತಿದ್ದಳು. ಒಂದೂವರೆ ವರ್ಷಕ್ಕೆ “ಬ್ಯಾ” ಸೇರಿತು. ಎರಡಕ್ಕೆ ಬಂಡೆಯ ಪುಟದಲ್ಲೇ “ಇಲ್ಲಿಲ್ಲ, ಇಲ್ಲಿಲ್ಲ” ಅಂತ ತಲೆ ಆಡಿಸುತ್ತಿದ್ದಳು. ಎರಡೂವರೆಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ, “ಅಮ್ಮ, ಕುರಿ ಅತ್ತಿತ್ತಾ?” ಪುಸ್ತಕ ಅದೇ, ಎಂಟು ಪುಟ. ಕಥೆ ಮಾತ್ರ ಅವಳ ಜೊತೆ ಬೆಳೆಯುತ್ತಿತ್ತು.

ಆಮೇಲೆ ಗಮನಿಸಿದೆ, ಚಿಕ್ಕ ಮಕ್ಕಳಿಗೆ ಹಿಡಿಸುವ ಬೈಬಲ್ ಕಥೆಗಳಲ್ಲಿ ಯಾರಾದರೂ ಎಲ್ಲಾದರೂ ಅವಿತಿರುತ್ತಾರೆ. ನದಿಯಂಚಿನ ಬುಟ್ಟಿಯಲ್ಲಿ ಮೋಶೆ, ಮೀನಿನ ಹೊಟ್ಟೆಯಲ್ಲಿ ಯೋನ, ಮರದ ಮೇಲೆ ಜಕ್ಕಾಯ. ಮುಚ್ಚಳವಿಲ್ಲದ ಪುಸ್ತಕವಾದರೂ ಅಂಗೈಯಲ್ಲಿ ಮುಚ್ಚಿ ತೆಗೆದರೆ ನಡೆಯುತ್ತದೆ. ಹತ್ತು ಆಜ್ಞೆಗಳ ಪುಟಕ್ಕೆ ಬಂದರೆ ಮಗು ಎದ್ದು ಹೋಗುತ್ತದೆ, ಬೈಯಬೇಡಿ.

ಒತ್ತಿದರೆ ಸದ್ದು ಮಾಡುವ ಪುಸ್ತಕ ಬೇಡವೇ ಬೇಡ. ನಮ್ಮದರಲ್ಲಿದ್ದ ಸಿಂಹ ಎರಡು ತಿಂಗಳು ಗರ್ಜಿಸಿ ಆಮೇಲೆ ಕೆಮ್ಮತೊಡಗಿತು. ಅದಕ್ಕಿಂತ ದೊಡ್ಡ ವಿಷಯ, ಒಳಗಿರುವುದು ಬಟನ್ ಬ್ಯಾಟರಿ. ಮಗು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನಮ್ಮದರಲ್ಲಿ ಬ್ಯಾಟರಿ ಮುಚ್ಚಳದ ಸ್ಕ್ರೂ ಸಡಿಲವಾಗಿದ್ದು ಕಂಡ ದಿನವೇ ಪುಸ್ತಕ ಕಪಾಟಿನ ಮೇಲೆ ಹೋಯಿತು.

ಲೋಕವೆಲ್ಲ ಮುಳುಗಿದ ಜಲಪ್ರಳಯದಲ್ಲಿ ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿದ ನೋಹನ ನಾವೆಯ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಮೂರು ಸಲ ಬದಲಾಯಿತು. ಚಿತ್ರದಲ್ಲಿ ನಾವೆ ಸ್ನಾನದ ತೊಟ್ಟಿಯಷ್ಟಿದೆ, ಜಿರಾಫೆಯ ಕತ್ತು ಹೊರಗೆ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ ಪ್ರಕಾರ ಅದರ ಉದ್ದ 300 ಮೊಳ, ಅಂದರೆ ಸುಮಾರು 135 ಮೀಟರ್, ಮೂರು ಅಂತಸ್ತು ಬೇರೆ. ಇರಲಿ, ಒಂದು ವರ್ಷದ ಮಗುವಿಗೆ ಜಿರಾಫೆ ಕಂಡರೆ ಸಾಕು. ಎರಡು ವರ್ಷದವರೆಗೆ ನಮಗದು ಪ್ರಾಣಿಗಳ ಪುಸ್ತಕವೇ ಆಗಿತ್ತು. ತುಂಬ ಚೆನ್ನಾಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅವಳಿಗೆ ಮೂರು ತುಂಬುವ ಹೊತ್ತಿಗೆ ಒಂದು ದಿನ ನೀಲಿ ನೀರಿನ ಪುಟದಲ್ಲಿ ಬೆರಳಿಟ್ಟು, “ಬೇರೆ ಮನೆಯವರೆಲ್ಲ ಎಲ್ಲಿ?” ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ನೀರನ್ನು ಉಗುರಿನಿಂದ ಕೆರೆಯತೊಡಗಿದಳು. ಮುಚ್ಚಳ ಹುಡುಕುತ್ತಿದ್ದಳು.

ಅದಕ್ಕೆ ಪುಸ್ತಕದಲ್ಲಿ ಪುಟವಿಲ್ಲ. ಮಳೆ, ಪ್ರಾಣಿ, ಕಾಮನಬಿಲ್ಲು, ಮುಗೀತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಅವರು ನಾವೆಯೊಳಗೆ ಇರಲಿಲ್ಲ ಪುಟ್ಟಿ. ದೇವರಿಗೆ ತುಂಬ ದುಃಖವಾಗಿತ್ತು” ಅಂದೆ. ಜನರ ಕೆಟ್ಟತನ ನೋಡಿ ದೇವರು ನೊಂದುಕೊಂಡ ಮಾತು ಆದಿಕಾಂಡ 6ರಲ್ಲಿ ಇದ್ದೇ ಇದೆ, ಮಕ್ಕಳ ಪುಸ್ತಕಗಳು ಅದನ್ನು ದಾಟಿಸಿಬಿಡುತ್ತವೆ. ಅವಳು ಮತ್ತೆ ಕೇಳಲಿಲ್ಲ, ಪುಟವನ್ನೂ ತಿರುಗಿಸಲಿಲ್ಲ. ಕೆಲವು ವಾರ ಪುಸ್ತಕವನ್ನು ಒಳಗಿಟ್ಟಿದ್ದೆ. ಈಗ ಮತ್ತೆ ತೆಗೆದಿದ್ದೇನೆ, ಆದರೆ ಮೊದಲ ಬೈಬಲ್ ಪುಸ್ತಕ ಅಂತ ಯಾರಿಗೂ ಉಡುಗೊರೆ ಕೊಡುವುದಿಲ್ಲ. ಎಲ್ಲರೂ ಕೊಡುವುದು ಅದನ್ನೇ, ಅಲ್ವಾ?

ತೀರಾ ಬೇಗ ತಂದದ್ದು 40 ಕಥೆಗಳ ದಪ್ಪ ಪುಸ್ತಕ. ಕಾಗದ ತೆಳು, ಒಂದು ವರ್ಷದವಳ ಕೈಯಲ್ಲಿ ಆದಾಮನ ತಲೆ ಹರಿದುಹೋಯಿತು. ಭಾಷೆಯೂ ಕಷ್ಟ. “ವಿಧೇಯನಾದನು” ಅಂದರೆ ಮಗುವಿಗೆ ಏನು ತಿಳಿಯಬೇಕು? ನಾನು “ಹೇಳಿದ ಹಾಗೇ ಮಾಡಿದ” ಅಂತ ಓದುತ್ತೇನೆ. ಪ್ರತಿ ಕಥೆಯ ಕೊನೆಗೂ ಬಣ್ಣದ ಚೌಕದೊಳಗೆ ಒಂದು ನೀತಿ ಇದೆ. ಅದನ್ನು ಒಮ್ಮೆಯೂ ಓದಿಲ್ಲ, ಅವಳಿಗೆ ಅಲ್ಲೇನೋ ಬರೆದಿದೆ ಅಂತಲೂ ಗೊತ್ತಿಲ್ಲ. ಯೋನನನ್ನು ನುಂಗಿದ್ದು ತಿಮಿಂಗಿಲ ಅಂತ ಅಚ್ಚಾಗಿದೆ. ಬೈಬಲ್‌ನಲ್ಲಿರುವುದು ದೊಡ್ಡ ಮೀನು. ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳು ಮೂವರೇ ಅಂತ ಮತ್ತಾಯ ಎಲ್ಲೂ ಬರೆದಿಲ್ಲ, ಅವನು ಹೆಸರಿಸಿದ್ದು ಮೂರು ಕಾಣಿಕೆಗಳನ್ನು. ಇವನ್ನೆಲ್ಲ ಓದುವಾಗಲೇ ಸುಮ್ನೆ ತಿದ್ದಿಕೊಳ್ಳುತ್ತೇನೆ.

ಅದರಲ್ಲೇ ಒಂದು ಚಿತ್ರಕ್ಕೆ ಮಾತ್ರ ಕೈಮುಗಿಯಬೇಕು. ಬಿರುಗಾಳಿಯಲ್ಲಿ ದೋಣಿ ಮಗುಚುವಂತಿದೆ, ಶಿಷ್ಯರು ಕೂಗುತ್ತಿದ್ದಾರೆ, ಯೇಸು ತಲೆದಿಂಬಿನ ಮೇಲೆ ತಲೆಯಿಟ್ಟು ನಿದ್ದೆ. ಆ ದಿಂಬು ಮಾರ್ಕ 4ರಲ್ಲಿ ಇದೆ, ಚಿತ್ರ ಬರೆದವರು ಅದನ್ನು ಬಿಟ್ಟಿಲ್ಲ. ಈಗ ಮಲಗುವ ಮುಂಚೆ ಅವಳು ಆ ಪುಟವನ್ನೇ ಕೇಳುತ್ತಾಳೆ, ತನ್ನ ದಿಂಬನ್ನು ತಂದು ಪಕ್ಕದಲ್ಲಿಟ್ಟುಕೊಳ್ಳುತ್ತಾಳೆ. ಮೂರು ವರ್ಷದ ನಂತರ ಈ ಪುಸ್ತಕ ಕೊಳ್ಳಬಹುದು.

ಕುರಿ ಪುಸ್ತಕದ ಈಗಿನ ಸ್ಥಿತಿ: ರಟ್ಟಿನ ಪದರ ಎರಡು ಕಡೆ ಬಿಟ್ಟಿದೆ, ಬೆನ್ನಿಗೆ ಟೇಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಆರಲು ಬಿಟ್ಟು ಮುಚ್ಚಬೇಕು, ಇಲ್ಲದಿದ್ದರೆ ಪುಟ ಅಂಟಿಕೊಳ್ಳುತ್ತದೆ. ಹೋದ ತಿಂಗಳು ಚಿಕ್ಕವನು ಪೊದೆಯನ್ನು ಕಿತ್ತು ಅರ್ಧ ಜಗಿದುಹಾಕಿದ. ಬಾಯಿಂದ ತೆಗೆಯುವಷ್ಟರಲ್ಲಿ ಸಾಕಾಯಿತು, ಮುಚ್ಚಳದ ಪುಸ್ತಕ ಕೊಟ್ಟು ಎದ್ದು ಹೋಗುವಂತಿಲ್ಲ. ಜೊಲ್ಲಿಗೆ ಟೇಪು ನಿಲ್ಲಲಿಲ್ಲ. ಈಗ ಕುರಿ ಬಟಾಬಯಲಲ್ಲೇ ನಿಂತಿದೆ. ಅಕ್ಕ ಅದರ ಮೇಲೆ ಅಂಗೈ ಇಟ್ಟು, “ಕುರಿ ಎಲ್ಲಿ?” ಅಂತ ಕೇಳುತ್ತಾಳೆ. ಅವನು ಅವಳ ಒಂದೊಂದೇ ಬೆರಳು ಹಿಡಿದು ಎತ್ತುತ್ತಾನೆ.