ನಾಲ್ಕು ಮಳೆಗಾಲ ಕಂಡ ನನ್ನ ಜಿಪಿಎಸ್ ಸೈಕಲ್ ಕಂಪ್ಯೂಟರ್

ಹ್ಯಾಂಡಲ್ ಮೇಲೆ ಕೂರಿಸಿ ವೇಗ, ದೂರ, ದಾರಿ ನೋಡಿಕೊಳ್ಳುವ ಈ ಪುಟ್ಟ ಯಂತ್ರ ಕೊಂಡದ್ದು 2021ರ ಕೊನೆಯಲ್ಲಿ. ಆಗ 17,500 ರೂಪಾಯಿ ಕೊಟ್ಟಿದ್ದೆ. ಇವತ್ತಿಗೆ 21,000 ಕಿ.ಮೀ. ದಾಟಿದೆ. ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾರಿ ನನ್ನ ಮಾಮೂಲಿ ಸವಾರಿ. ತೀರ್ಥಹಳ್ಳಿಯಲ್ಲಿ ಅಕ್ಕನ ಮನೆ ಇದೆ. ಶನಿವಾರ ರಾತ್ರಿ ಅಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಆಗುಂಬೆ ಘಾಟಿ ಇಳಿದು ಮತ್ತೆ ಹತ್ತುವುದು ತಿಂಗಳಿಗೊಮ್ಮೆಯ ಅಭ್ಯಾಸ. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ಮಾಡೆಲ್‌ನವಲ್ಲ. ಮರ, ಮಳೆ, ಬೆಟ್ಟ ಇರುವ ಕಡೆ ಯಾವ ಜಿಪಿಎಸ್ ತೆಗೆದುಕೊಂಡರೂ ಎದುರಾಗುವಂಥವು.

ಮೊದಲು ಫೋನನ್ನೇ ಹ್ಯಾಂಡಲ್‌ಗೆ ಕಟ್ಟಿಕೊಂಡು ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಜುಲೈ ಬಂದಾಗ ಗೊತ್ತಾಯಿತು. ಮಳೆ ಹನಿ ಬಿದ್ದರೆ ಟಚ್ ಸ್ಕ್ರೀನ್ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಮಂಡಗದ್ದೆ ಹತ್ತಿರ ಒಮ್ಮೆ ರೈಡ್ ತಾನಾಗಿಯೇ ಮುಗಿದು ಸೇವ್ ಆಗಿತ್ತು. ಅದಕ್ಕೇ ಗುಂಡಿ ಇರುವ ಕಂಪ್ಯೂಟರ್ ಹುಡುಕಿ ತಂದೆ. ಒದ್ದೆ ಕೈ, ಗ್ಲೌಸ್ ಹಾಕಿದ ಕೈ, ಯಾವುದರಲ್ಲಿ ಒತ್ತಿದರೂ ಕೆಲಸ ಮಾಡುತ್ತದೆ. ಮಲೆನಾಡು, ಕರಾವಳಿ ಕಡೆಯವರು ಬೇರೇನು ನೋಡದಿದ್ದರೂ ಇದೊಂದು ನೋಡಿ ತೆಗೆದುಕೊಳ್ಳಿ.

ಈಗ ಆಗುಂಬೆ ವಿಷಯ. ಸೋಮೇಶ್ವರದಿಂದ ಮೇಲೆ ಬರುವಾಗ 14 ಹೇರ್‌ಪಿನ್ ತಿರುವು. ಹೊಸದರಲ್ಲಿ ಬರೀ ಜಿಪಿಎಸ್ ನಂಬಿಕೊಂಡು ಹತ್ತಿದ್ದೆ. ಅರ್ಧ ದಾರಿಯಲ್ಲಿ ಪರದೆ ನೋಡುತ್ತೇನೆ, ವೇಗ 8 ಇದ್ದದ್ದು 4 ಆಯಿತು, ಆಮೇಲೆ 0. ನಾನು ಏದುಸಿರು ಬಿಡುತ್ತಾ ಪೆಡಲ್ ತುಳಿಯುತ್ತಲೇ ಇದ್ದೇನೆ, ಅದು ನಾನು ನಿಂತಿದ್ದೇನೆ ಅಂದುಕೊಂಡು ಆಟೋ ಪಾಝ್‌ಗೆ, ಅಂದರೆ ದಾಖಲಿಸುವುದನ್ನು ತಾನಾಗಿಯೇ ನಿಲ್ಲಿಸುವ ಸ್ಥಿತಿಗೆ, ಹೋಗಿಬಿಟ್ಟಿದೆ! ಮನೆಗೆ ಬಂದು ಮ್ಯಾಪ್ ತೆರೆದರೆ ಗೆರೆ ತಿರುವುಗಳನ್ನೇ ಕತ್ತರಿಸಿ ಕಣಿವೆಯ ಮೇಲೆ ನೇರ ಹೋಗಿತ್ತು.

ಕಾರಣ ತಿಳಿಯಲು ಕೆಲವು ವಾರ ಬೇಕಾಯಿತು. ಜಿಪಿಎಸ್ ಉಪಗ್ರಹ ಇರುವುದು ಸುಮಾರು 20,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ನಮ್ಮನ್ನು ಮುಟ್ಟುವಾಗ ತುಂಬಾ ಕ್ಷೀಣ. ಘಾಟಿಯಲ್ಲಿ ಒಂದು ಕಡೆ ಗುಡ್ಡ ಅರ್ಧ ಆಕಾಶವನ್ನೇ ಮುಚ್ಚುತ್ತದೆ, ಉಳಿದದ್ದನ್ನು ಒದ್ದೆ ಎಲೆಗಳು ತಡೆಯುತ್ತವೆ. ಜಾಗ ಲೆಕ್ಕ ಹಾಕಲು ಕಡಿಮೆ ಅಂದರೂ ನಾಲ್ಕು ಉಪಗ್ರಹ ಕಾಣಬೇಕು. ಜೊತೆಗೆ ನನ್ನ ಸೆಟ್ಟಿಂಗಿನಲ್ಲೂ ತಪ್ಪಿತ್ತು. 'ಸ್ಮಾರ್ಟ್' ರೆಕಾರ್ಡಿಂಗ್ ಅಂತ ಇದ್ದರೆ ಅದು ಬಿಟ್ಟು ಬಿಟ್ಟು ಬಿಂದು ಉಳಿಸಿಕೊಳ್ಳುತ್ತದೆ, ನಡುವೆ ನೇರ ಗೆರೆ ಎಳೆಯುತ್ತದೆ. ಅದನ್ನು ಸೆಕೆಂಡಿಗೊಮ್ಮೆ ಅಂತ ಬದಲಿಸಿದೆ. ಘಾಟಿ ಹತ್ತುವಾಗ ಆಟೋ ಪಾಝ್ ಪೂರ್ತಿ ಬಂದ್.

ಇದಕ್ಕಿಂತ ದೊಡ್ಡ ಪರಿಹಾರ ಹಿಂದಿನ ಚಕ್ರದ ಹಬ್‌ಗೆ, ಅಂದರೆ ನಡುವಿನ ಗುಂಬಕ್ಕೆ, ಹಾಕುವ ಸ್ಪೀಡ್ ಸೆನ್ಸರ್. ಅದು ಚಕ್ರದ ಸುತ್ತು ಎಣಿಸುತ್ತದೆ, ಆಕಾಶದ ಹಂಗಿಲ್ಲ. ಆದರೆ ಚಕ್ರದ ಸುತ್ತಳತೆ ಸರಿಯಾಗಿ ಕೊಡಬೇಕು. ನನ್ನದು 700×28 ಟೈರ್, ಪಟ್ಟಿಯಲ್ಲಿ 2136 ಮಿ.ಮೀ. ಅಂತ ಇದೆ. ನಾನು ಅಂಗಳದ ಸಿಮೆಂಟಿನ ಮೇಲೂ ಟೈರಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿ, ಸೈಕಲ್ ಮೇಲೆ ಕುಳಿತು, ಮಗನ ಹೆಗಲು ಹಿಡಿದುಕೊಂಡು ಒಂದು ಸುತ್ತು ಮುಂದೆ ಹೋದೆ. ಟೇಪ್ ಹಿಡಿದರೆ 2118. ನಮ್ಮ ಭಾರಕ್ಕೆ ಟೈರ್ ಸ್ವಲ್ಪ ಅಮುಕಿರುತ್ತದೆ ಅಲ್ವಾ, ಅದರ ವ್ಯತ್ಯಾಸ. 18 ಮಿ.ಮೀ. ಏನು ಮಹಾ ಅನ್ನಿಸಬಹುದು. 100 ಕಿ.ಮೀ.ಗೆ ಅದು 800 ಮೀಟರಿಗೂ ಜಾಸ್ತಿ ಆಗುತ್ತದೆ.

ದೂರದ ಲೆಕ್ಕ ಹೀಗೆ ಸರಿಹೋಯಿತು. ಎತ್ತರದ ಲೆಕ್ಕ ಮಾತ್ರ ಇನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇದರಲ್ಲಿ ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಎಂಟೊಂಬತ್ತು ಮೀಟರ್ ಮೇಲೆ ಹೋದರೆ ಒತ್ತಡ ಸುಮಾರು 1 ಮಿಲಿಬಾರ್ ಇಳಿಯುತ್ತದೆ. ಏರು ಎಷ್ಟು ಕಡಿದಾಗಿದೆ ಅಂತ ಆ ಕ್ಷಣಕ್ಕೆ ತೋರಿಸುವುದಕ್ಕೆ ಇದು ಜಿಪಿಎಸ್‌ಗಿಂತ ಎಷ್ಟೋ ಒಳ್ಳೆಯದು. ಆದರೆ ಒತ್ತಡ ನಾವು ಹತ್ತಿದ್ದಕ್ಕೆ ಮಾತ್ರ ಬದಲಾಗುವುದಿಲ್ಲ. ನಮ್ಮ ಕಡೆ ಬೆಳಿಗ್ಗೆ 10ರ ಹೊತ್ತಿಗೆ ಒತ್ತಡ ಜಾಸ್ತಿ, ಸಂಜೆ 4ರ ಹೊತ್ತಿಗೆ ಕಡಿಮೆ. ಇದು ದಿನಾಲೂ ನಡೆಯುವಂಥದ್ದು. ಜನವರಿಯ ಒಂದು ಭಾನುವಾರ 9:30ಕ್ಕೆ ಮನೆ ಬಿಟ್ಟಾಗ ಗೇಟಿನ ಹತ್ತಿರ 572 ಮೀಟರ್ ತೋರಿಸಿತ್ತು. ಸಂಜೆ 4ಕ್ಕೆ ಅದೇ ಗೇಟಿನಲ್ಲಿ 598. ಕೆಟ್ಟಿದೆ ಅಂದುಕೊಂಡು ಕಸ್ಟಮರ್ ಕೇರ್‌ಗೆ ಮೂರು ಮೇಲ್ ಬರೆದೆ. ಮೂರಕ್ಕೂ 'ರೀಸೆಟ್ ಮಾಡಿ' ಅಂತಲೇ ಉತ್ತರ. ಕೆಟ್ಟಿರಲಿಲ್ಲ, ಅದು ಗಾಳಿಯ ಸಹಜ ಏರಿಳಿತ ಅಂತ ಅವರು ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಒತ್ತಡ ಅಳೆಯಲು ಕಂಪ್ಯೂಟರಿನ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ತೂತು ಇದೆ. ಅದರಲ್ಲಿ ನೀರು ಕೂತರೆ ಎತ್ತರ ನಿಂತಲ್ಲೇ ನಿಲ್ಲುತ್ತದೆ. ನೀವು ಹತ್ತುತ್ತಿದ್ದರೂ ಪರದೆಯಲ್ಲಿ ಏರು 0%. ಆಮೇಲೆ ನೀರು ಜಾರಿದ ತಕ್ಷಣ ಒಂದೇ ಸಲ 40 ಮೀಟರ್ ಹಾರುತ್ತದೆ. ತೂತಿಗೆ ಪಿನ್ ಚುಚ್ಚಬೇಡಿ. ಬೆವರಿನ ಉಪ್ಪು, ಕೆಸರು ಕಟ್ಟದಂತೆ ಮನೆಗೆ ಬಂದ ಮೇಲೆ ಸಾದಾ ನೀರಲ್ಲಿ ತೊಳೆದು, ಜೋರಾಗಿ ಕೊಡವಿ, ಬಟ್ಟೆ ಮೇಲೆ ಬೋರಲು ಇಡಿ. ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಇದನ್ನು ಬಿಟ್ಟು ಸೈಕಲ್ ಹತ್ತಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಎರಡು ಅಂಕಿ, ಎದೆಬಡಿತ ಮತ್ತು ಕ್ಯಾಡೆನ್ಸ್. ಕ್ಯಾಡೆನ್ಸ್ ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಅಂತ. ಮೊದಲು ಭಾರದ ಗೇರಿನಲ್ಲಿ 55–60ರಲ್ಲಿ ತುಳಿಯುತ್ತಿದ್ದೆ. ಮಂಡಿ ನೋವು ಯಾಕೆ ಅಂತ ತಿಳಿಯುತ್ತಿರಲಿಲ್ಲ. ಈಗ ಸಮತಟ್ಟಿನಲ್ಲಿ 80ಕ್ಕೆ ಇಟ್ಟುಕೊಳ್ಳುತ್ತೇನೆ, ಮಂಡಿ ನೋವು ಹೋಗಿ ಎರಡು ವರ್ಷ ಆಯಿತು. ಘಾಟಿಯಲ್ಲಿ ವೇಗದ ಕಡೆ ನೋಡುವುದೇ ಇಲ್ಲ. ಎದೆಬಡಿತ 150 ದಾಟದಂತೆ ನೋಡಿಕೊಳ್ಳುತ್ತೇನೆ. ಮೊದಲು ನಾಲ್ಕನೇ ತಿರುವಿಗೇ ಕಾಲು ಕೆಳಗಿಡುತ್ತಿದ್ದವನು ಈಗ ಒಂದೇ ಉಸಿರಿಗೆ ಮೇಲಿನ ಚೆಕ್‌ಪೋಸ್ಟ್‌ವರೆಗೆ ಬರುತ್ತೇನೆ. ಎದೆಬಡಿತಕ್ಕೆ ಎದೆಗೆ ಕಟ್ಟುವ ಪಟ್ಟಿ ಬೇರೆ ಕೊಳ್ಳಬೇಕು. ಆ ದುಡ್ಡು ಖಂಡಿತ ಹಾಕಿ.

ದಾರಿ ತೋರಿಸುವ ವಿಷಯದಲ್ಲಿ ಜಾಗ್ರತೆ. ಹೆದ್ದಾರಿಯಲ್ಲಿ ಚೆನ್ನಾಗಿದೆ. ಒಳದಾರಿಯಲ್ಲಿ ಅದಕ್ಕೆ ಟಾರ್ ರಸ್ತೆಗೂ ತೋಟದ ದಾರಿಗೂ ವ್ಯತ್ಯಾಸ ಗೊತ್ತಿಲ್ಲ. ಒಮ್ಮೆ ತೀರ್ಥಹಳ್ಳಿ ಆಚೆ ಅಡಿಕೆ ತೋಟದೊಳಗೆ ಕರೆದುಕೊಂಡು ಹೋಗಿ ಒಂದು ಕಾಲುಸಂಕದ ಮುಂದೆ ನಿಲ್ಲಿಸಿತು. ಎರಡು ಮರದ ದಿಮ್ಮಿ, ಕೆಳಗೆ ತುಂಬಿದ ಹಳ್ಳ. ಆಚೆ ದಡದಲ್ಲಿ ಸೊಪ್ಪಿನ ಹೊರೆ ಹೊತ್ತಿದ್ದವರೊಬ್ಬರು ನೋಡಿ, "ವಾಪಸ್ ಹೋಗಿ ಮಾರಾಯ್ರೆ, ಮಳೇಲಿ ನಾವೇ ದಾಟಲ್ಲ" ಅಂದರು. ವಾಪಸ್ ಬಂದೆ. ಅಂದಿನಿಂದ ಹೊಸ ದಾರಿ ಹಿಡಿಯುವಾಗ ಹಿಂದಿನ ರಾತ್ರಿಯೇ ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳುತ್ತೇನೆ.

ಮನಸ್ಸಿಗೆ ಬೇಜಾರಾಗುವ ಒಂದು ಕೊರತೆ ಇದೆ. ನನ್ನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ. ಫೋನಿಗೆ ಬಂದ ಮೆಸೇಜ್ ಪರದೆ ಮೇಲೆ ಬರುತ್ತದೆ, ಆದರೆ ಬರೀ ಚೌಕ ಚೌಕ. "ಎಲ್ಲಿದ್ದೀಯ, ಕಡುಬು ಆರ್ತಾ ಇದೆ" ಅಂತ ಅಕ್ಕ ಕಳಿಸಿದ್ದನ್ನು ಓದಲು ಸೈಕಲ್ ನಿಲ್ಲಿಸಿ ಫೋನ್ ತೆಗೆಯಬೇಕು. ನಾಲ್ಕು ವರ್ಷದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಬಹಳ ಬಂದಿವೆ, ಇದು ಮಾತ್ರ ಸರಿಯಾಗಿಲ್ಲ. ನಾವೆಲ್ಲ ಕೇಳಬೇಕು, ಆಗಲಾದರೂ ಹಾಕಿಯಾರು.

ಬ್ಯಾಟರಿ ಹೊಸದರಲ್ಲಿ 14 ತಾಸು ಬರುತ್ತಿತ್ತು. ಕಳೆದ ವರ್ಷ 8ಕ್ಕೆ ಇಳಿಯಿತು. ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ. 300 ಕಿ.ಮೀ. ಬ್ರೆವೆಗೆ 20 ತಾಸಿನ ಗಡುವು ಇರುತ್ತದೆ. ಅದರಲ್ಲಿ ಪವರ್ ಬ್ಯಾಂಕ್ ಸಿಕ್ಕಿಸಿಕೊಂಡೇ ಓಡಿಸಿದೆ. ಮಳೆಯಲ್ಲಿ ಚಾರ್ಜಿಂಗ್ ಮುಚ್ಚಳ ತೆರೆದಿಟ್ಟದ್ದಕ್ಕೆ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯಿತು. ಸರ್ವಿಸ್ ಸೆಂಟರಿನವರು ಬ್ಯಾಟರಿ ಬದಲಿಸಲ್ಲ, ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ ಅಂದರು. ಉಳಿದೆಲ್ಲ ಸರಿ ಇರುವ ವಸ್ತುವನ್ನು ಬಿಸಾಡಲು ನನಗೆ ಮನಸ್ಸು ಬರಲಿಲ್ಲ. ಊರಿನ ಮೊಬೈಲ್ ರಿಪೇರಿ ಅಂಗಡಿಯ ಹುಡುಗ 1,100 ರೂಪಾಯಿಗೆ ಬ್ಯಾಟರಿ ಹಾಕಿ, ಪಿನ್ ಉಜ್ಜಿ, ಅಂಚಿಗೆ ಗಮ್ ಹಾಕಿ ಕೂರಿಸಿಕೊಟ್ಟ. "ನೀರಿನ ಗ್ಯಾರಂಟಿ ಮಾತ್ರ ಕೇಳ್ಬೇಡಿ ಸಾರ್" ಅಂದಿದ್ದ. ಮನೆಗೆ ತಂದು ಪಾತ್ರೆಯಲ್ಲಿ ನೀರು ಹಾಕಿ ಅರ್ಧ ತಾಸು ಮುಳುಗಿಸಿಟ್ಟೆ. ತೆಗೆದು ಒರೆಸಿ, ರಾತ್ರಿಯಿಡೀ ಕಿಟಕಿಯಲ್ಲಿ ಇಟ್ಟು ಬೆಳಿಗ್ಗೆ ನೋಡಿದರೆ ಗಾಜಿನ ಒಳಗೆ ಒಂದು ಚೂರೂ ಮಂಜು ಕಟ್ಟಿರಲಿಲ್ಲ. ಈಗ 13 ತಾಸು ಬರುತ್ತಿದೆ.