ಫೋಮ್, ರಾಕ್‌ವುಲ್, ಜಿಪ್ಸಮ್ ಬೋರ್ಡ್: ನಿಮ್ಮ ಗೋಡೆಗೆ ಯಾವುದು?
ಕೋಣೆಯೊಳಗಿನ ಪ್ರತಿಧ್ವನಿ ತಗ್ಗಬೇಕೋ, ಪಕ್ಕದ ಕೋಣೆಯ ಸದ್ದು ಒಳಬರದಿರಬೇಕೋ? ಎರಡೂ ಬೇರೆ ಕೆಲಸ, ಸಾಮಗ್ರಿಯೂ ಬೇರೆ. (ಕೆಲವರು ಗೋಡೆಗೆ ಅಂಟಿಸುವ ಮೊಟ್ಟೆ ಟ್ರೇ ಎರಡಕ್ಕೂ ದಂಡ.)

ಪ್ರತಿಧ್ವನಿಗೆ ಮೆತ್ತನೆಯ, ಸಂದುಗಳಿರುವ ವಸ್ತು ಬೇಕು. ಆ ಸಂದುಗಳಲ್ಲಿ ಗಾಳಿ ಉಜ್ಜಾಡಿ ಸದ್ದಿನ ಶಕ್ತಿ ಶಾಖವಾಗುತ್ತದೆ. 25 ಮಿ.ಮೀ. ಫೋಮ್ ಅಂಟಿಸುವುದು ಸುಲಭ, ಆದರೆ ಅದು ಹಿಡಿಯುವುದು ಚಪ್ಪಾಳೆಯ ಚಟಚಟದಂಥ ಏರುಸದ್ದನ್ನು ಮಾತ್ರ. 1,000 ಹರ್ಟ್ಸ್ (ಸೆಕೆಂಡಿಗೆ 1,000 ಕಂಪನ) ಅಲೆಯ ಉದ್ದ ಸುಮಾರು 34 ಸೆಂ.ಮೀ., 100 ಹರ್ಟ್ಸ್‌ನ ಕೆಳಸದ್ದಿನದು 3.4 ಮೀಟರ್. ಗಾಳಿಯ ಓಡಾಟ ಗೋಡೆಯ ಮೇಲೆ ಹೆಚ್ಚುಕಮ್ಮಿ ಸೊನ್ನೆ, ಕಾಲು ಅಲೆಯಷ್ಟು ದೂರದಲ್ಲಿ ಗರಿಷ್ಠ. ಹಾಗಾಗಿ ಗೋಡೆಗಂಟಿದ ತೆಳು ಫೋಮ್‌ಗೆ ಬೇಸ್ (ಕೆಳಸದ್ದು) ಸಿಗುವುದೇ ಇಲ್ಲ. ಮಾತು ಮಂಕಾಗುತ್ತದೆ, ಬೇಸ್ ಗುಂಯ್ ಎನ್ನುತ್ತಲೇ ಇರುತ್ತದೆ. 10 ಸೆಂ.ಮೀ. ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು), ಅದರ ಹಿಂದೆ ಅಷ್ಟೇ ಖಾಲಿ ಜಾಗ ಬಿಟ್ಟರೆ ಕೆಳಸದ್ದೂ ಸಾಕಷ್ಟು ಇಳಿಯುತ್ತದೆ. ರಾಕ್‌ವುಲ್ ಸುಲಭಕ್ಕೆ ಬೆಂಕಿ ಹಿಡಿಯದು. ಕತ್ತರಿಸುವಾಗ ಮಾಸ್ಕ್, ಕೈಗವಸು ಇರಲಿ. ಹೊದಿಸುವ ಬಟ್ಟೆಗೆ ಬಾಯಿಟ್ಟು ಊದಿ ನೋಡಿ: ಉಸಿರು ಸಲೀಸಾಗಿ ಆಚೆ ಹೋಗದಿದ್ದರೆ ಆ ಬಟ್ಟೆ ಬೇಡ.

ಸದ್ದು ತಡೆಯಲು ಬೇಕಾದದ್ದು ಭಾರ. ಆದರೆ ಒಂಟಿ ಗೋಡೆಯ ತೂಕ ಇಮ್ಮಡಿ ಮಾಡಿದರೂ ದಕ್ಕುವುದು ಸುಮಾರು 6 ಡೆಸಿಬೆಲ್. ಅದಕ್ಕಿಂತ ಗೋಡೆಗೆ ತಾಗದ ಫ್ರೇಮ್, ಒಳಗೆ ರಾಕ್‌ವುಲ್, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡ್ ಲಾಭ. ಫ್ರೇಮ್ ಎಲ್ಲಾದರೂ ಗೋಡೆಗೆ ಬಿಗಿಯಾಗಿ ತಾಗಿತೋ, ಕಂಪನ ಅಲ್ಲಿಂದಲೇ ದಾಟುತ್ತದೆ. ಬಾಗಿಲ ಸಂದು ಗೋಡೆಯ ವಿಸ್ತೀರ್ಣದ ಶೇ. 1ರಷ್ಟಿದ್ದರೆ ಒಟ್ಟು ತಡೆ 20 ಡೆಸಿಬೆಲ್ ಮೀರದು; ಬೋರ್ಡ್ ತರುವ ಮೊದಲು ಅಲ್ಲಿ ರಬ್ಬರ್ ಸೀಲ್ ಹಾಕಿ.